ಮೊದಲು ದೀಪ ಬೆಳಗಲಿ

ವೈ.ಎನ್.ಹೊಸಕೋಟೆಯ ಸೋದರಿಗೆ,

ಬೀದಿಯ ತಿರುವಿನ ತಿಪ್ಪೆ, ಸಂಜೆಯಾದರೆ ಮಗಳನ್ನು ಹೊರಗೆ ಕಳಿಸಲು ನಿಮಗಾಗುವ ಭಯ: ನನ್ನ ಮಟ್ಟಿಗೆ ಇವು ಎರಡಲ್ಲ, ಒಂದೇ ಸಮಸ್ಯೆ. ಕತ್ತಲಿದ್ದಲ್ಲೇ ಜನ ಕಸ ಸುರಿಯುತ್ತಾರೆ. ಕಸಕ್ಕೆ ನಾಯಿಗಳು ಸೇರುತ್ತವೆ, ಹೆಣ್ಣುಮಕ್ಕಳು ಆ ದಾರಿಯನ್ನೇ ಬಿಡುತ್ತಾರೆ. ಆಮೇಲೆ ಅದು ಪುಂಡರ ಜಾಗ.

ಆದ್ದರಿಂದ ದೀಪದಿಂದ ಶುರುಮಾಡಿ. ಕೆಟ್ಟ ದೀಪಗಳು ಯಾವ ಕಂಬದಲ್ಲಿವೆ ಎಂದು ಬರೆದು, ಅಕ್ಕಪಕ್ಕದವರ ಸಹಿ ಹಾಕಿಸಿ ಪಂಚಾಯಿತಿಗೆ ಕೊಡಿ. ಸ್ವೀಕೃತಿ ಪಡೆಯದೆ ಬರಬೇಡಿ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ವಾರ್ಡ್ ಸಭೆ 6 ತಿಂಗಳಿಗೊಮ್ಮೆಯಾದರೂ ಸೇರಬೇಕು. ಬೀದಿದೀಪ, ನೈರ್ಮಲ್ಯದ ಮಾತಿಗೆ ಅದೇ ಸರಿಯಾದ ಜಾಗ. ಹೆಂಗಸರು ಗುಂಪಾಗಿ ಹೋಗಿ. ಒಬ್ಬರೇ ಹೋದರೆ ಅದು ಅಹವಾಲು, ಇಡೀ ಬೀದಿಯೇ ಹೋದರೆ ಅದಕ್ಕೆ ತೂಕವೇ ಬೇರೆ.

ಎದುರುಮನೆಯವರು ಕಸ ಎಸೆಯುವುದನ್ನು ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅವಮಾನವಾದವರು ಹಗೆ ಸಾಧಿಸುತ್ತಾರೆ, ಕಸ ಅಲ್ಲೇ ಇರುತ್ತದೆ. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ದಿ ಅಗ್ಲಿ ಇಂಡಿಯನ್’ ಗುಂಪಿನವರು ಯಾರನ್ನೂ ಬೈಯದೆ, ಹೆಸರನ್ನೂ ಹೇಳಿಕೊಳ್ಳದೆ ಕಸದ ಮೂಲೆಗಳನ್ನು ಗುಡಿಸಿ, ಗೋಡೆಗೆ ಬಣ್ಣ ಬಳಿದರು. ನೀವೂ ಹಾಗೇ ಮಾಡಿ, ಎದುರುಮನೆಯವರನ್ನೂ ಕರೆಯಿರಿ. ನಿಮ್ಮದು ಮಗ್ಗದವರ ಊರು. ಮಗ್ಗಕ್ಕೆ ಬಿಡುವಿರುವ ದಿನ ನೋಡಿ. ಆದರೆ ಕಸದ ಗಾಡಿ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆಂದು ಪಂಚಾಯಿತಿಯಿಂದ ಮೊದಲೇ ಗೊತ್ತುಮಾಡಿಕೊಳ್ಳಿ. ಗಾಡಿ ಬಾರದಿದ್ದರೆ ತಿಪ್ಪೆ ವಾರದಲ್ಲಿ ಮರಳುತ್ತದೆ.

ಪುಂಡರನ್ನು ನೀವೇ ಎದುರಿಸಬೇಡಿ. 112ಕ್ಕೆ ಕರೆಮಾಡಿ, ಠಾಣೆಯಲ್ಲಿ ನಿಮ್ಮ ಬೀದಿಯ ಬೀಟ್ ಪೊಲೀಸರು ಯಾರೆಂದು ಕೇಳಿ, ಅವರ ನಂಬರನ್ನು ಎಲ್ಲ ಮನೆಗಳಿಗೂ ಕೊಡಿ.