ಓದಿನ ಸಾಲ: ಬಿಡುಗಡೆ ಕೊಡುವವರು ಯಾರು, ಬೆಲೆ ತೆರುವವರು ಯಾರು?

ಓದಿರಿ: ಧರ್ಮೋಪದೇಶಕಾಂಡ 15: 1–11, ನೆಹೆಮೀಯ 5: 1–13

ಮಗಳ ನರ್ಸಿಂಗ್ ಓದಿಗೋ ಮಗನ ಇಂಜಿನಿಯರಿಂಗ್ ಓದಿಗೋ ಬ್ಯಾಂಕಿನ ಮೇಜಿನ ಮುಂದೆ ಕುಳಿತು ಸಹಿ ಹಾಕಿದ ತಂದೆತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಬಹಳ ಮಂದಿ ಇದ್ದಾರೆ. ರೈತರ ಸಾಲಮನ್ನಾ ಸುದ್ದಿ ಬಂದಾಗಲೆಲ್ಲ ಅವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ನಮ್ಮ ಮಕ್ಕಳ ಓದಿನ ಸಾಲವನ್ನೂ ಸರ್ಕಾರ ಏಕೆ ಮನ್ನಾ ಮಾಡಬಾರದು? ಈ ಪ್ರಶ್ನೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಎದುರಿಸಿದ ದೇಶ ಅಮೆರಿಕ. ಅಲ್ಲಿ ನಡೆದದ್ದನ್ನು ಮೊದಲು ನೋಡಿ, ಆಮೇಲೆ ಪವಿತ್ರ ಗ್ರಂಥದ ಬೆಳಕಿನಲ್ಲಿ ವಿಚಾರ ಮಾಡೋಣ.

ಅಮೆರಿಕದಲ್ಲಿ ವಿದ್ಯಾರ್ಥಿಗಳಿಗೆ ಬಹುಪಾಲು ಸಾಲ ಕೊಡುವುದು ಬ್ಯಾಂಕುಗಳಲ್ಲ, ಕೇಂದ್ರ ಸರ್ಕಾರವೇ. ಸುಮಾರು 4 ಕೋಟಿ 30 ಲಕ್ಷ ಜನರ ಮೇಲೆ ಒಟ್ಟು 1.6 ಲಕ್ಷ ಕೋಟಿ ಡಾಲರಿಗೂ ಮಿಕ್ಕಿದ ಹೊರೆ ಇದೆ. ದಿವಾಳಿ ಅರ್ಜಿ ಹಾಕಿದರೆ ಬೇರೆ ಸಾಲಗಳು ಹೋಗಬಹುದು, ಓದಿನ ಸಾಲ ಸುಲಭಕ್ಕೆ ಹೋಗದು. ಕಟ್ಟುವ ಕಂತು ಬಡ್ಡಿಗೂ ಸಾಲದೆ, ಹತ್ತು ಹದಿನೈದು ವರ್ಷ ಕಟ್ಟಿದ ಮೇಲೂ ಪಡೆದದ್ದಕ್ಕಿಂತ ಹೆಚ್ಚು ಬಾಕಿ ಉಳಿಸಿಕೊಂಡವರು ಅಲ್ಲಿ ಅನೇಕರು.

2022ರ ಆಗಸ್ಟ್‌ನಲ್ಲಿ ಅಂದಿನ ಅಧ್ಯಕ್ಷ ಜೋ ಬೈಡನ್ ಒಂದು ದೊಡ್ಡ ಮನ್ನಾ ಘೋಷಿಸಿದರು. ವರ್ಷದ ಆದಾಯ 1,25,000 ಡಾಲರಿಗಿಂತ ಕಡಿಮೆ ಇದ್ದವರಿಗೆ 10,000 ಡಾಲರಿನವರೆಗೆ, ಬಡ ವಿದ್ಯಾರ್ಥಿಗಳಿಗಾಗಿ ಇರುವ ಪೆಲ್ ಸಹಾಯಧನ ಪಡೆದಿದ್ದವರಿಗೆ 20,000 ಡಾಲರಿನವರೆಗೆ ಬಿಡುಗಡೆ. ವೆಚ್ಚದ ಅಂದಾಜು ಸುಮಾರು 40,000 ಕೋಟಿ ಡಾಲರು. ಆದರೆ 2023ರ ಜೂನ್ 30ರಂದು ಅಲ್ಲಿನ ಸುಪ್ರೀಂ ಕೋರ್ಟು, ಆರು ಮಂದಿ ನ್ಯಾಯಾಧೀಶರು ಒಂದು ಕಡೆ, ಮೂವರು ಇನ್ನೊಂದು ಕಡೆಯಾಗಿ, ಅದನ್ನು ರದ್ದು ಮಾಡಿತು. ಸಂಸತ್ತಿನ ಸ್ಪಷ್ಟ ಒಪ್ಪಿಗೆ ಇಲ್ಲದೆ ಇಷ್ಟು ದೊಡ್ಡ ಮನ್ನಾ ಮಾಡುವ ಅಧಿಕಾರ ಸರ್ಕಾರಕ್ಕೆ ಇಲ್ಲ ಎಂಬುದೇ ತೀರ್ಪಿನ ಸಾರ.

ಈ ಮನ್ನಾವನ್ನು ವಿರೋಧಿಸಿದವರು ಕೇಳಿದ್ದು ಇಷ್ಟೇ: ಹೊಟ್ಟೆಬಟ್ಟೆ ಕಟ್ಟಿ ಸಾಲ ತೀರಿಸಿದವನ ಗತಿ ಏನು? ಕಾಲೇಜಿನ ಮೆಟ್ಟಿಲನ್ನೇ ಹತ್ತದೆ ಹದಿನೆಂಟನೇ ವಯಸ್ಸಿಗೆ ಕೆಲಸಕ್ಕೆ ಸೇರಿದವನು ಪದವೀಧರನ ಸಾಲಕ್ಕೆ ತೆರಿಗೆ ಏಕೆ ಕಟ್ಟಬೇಕು? ಇಂಥವರ ಬಾಯಿ ಮುಚ್ಚಿಸಲು ಕೆಲವರು ದ್ರಾಕ್ಷಾತೋಟದ ಕೂಲಿಯಾಳುಗಳ ಸಾಮತಿಯನ್ನು ಎತ್ತಿ ಹೇಳುತ್ತಾರೆ. ಅದು ಸರಿ ಎನಿಸುವುದಿಲ್ಲ. ಆ ತೋಟದ ಯಜಮಾನ ಕಡೆಯ ತಾಸಿನಲ್ಲಿ ಬಂದವರಿಗೆ ಪೂರ್ತಿ ಕೂಲಿ ಕೊಟ್ಟದ್ದು ಸ್ವಂತ ಚೀಲದಿಂದ. ಬೆಳಗಿನಿಂದ ದುಡಿದವರ ಕೂಲಿಯಲ್ಲಿ ಕಾಸನ್ನೂ ಮುರಿದುಕೊಳ್ಳಲಿಲ್ಲ.

ಇಲ್ಲಿ ನೆಹೆಮೀಯನ ಕಥೆಯನ್ನು ನಿಧಾನವಾಗಿ ಓದಬೇಕು. ಅವನು ಪಾರಸಿಯ ರಾಜನಿಂದ ನೇಮಕಗೊಂಡ ಜುದೇಯ ನಾಡಿನ ರಾಜ್ಯಪಾಲ, ಅಂದರೆ ಸರ್ಕಾರವೇ. ಬರಗಾಲದಲ್ಲಿ ಕಾಳಿಗಾಗಿ ಹೊಲ, ತೋಟ, ಮನೆ ಅಡವಿಟ್ಟ ಜನರು, ಮಕ್ಕಳನ್ನೂ ಜೀತಕ್ಕೆ ಕೊಡಬೇಕಾಗಿದೆ ಎಂದು ಅವನ ಮುಂದೆ ಅತ್ತರು. ಅವನು ಸಭೆ ಕರೆದು ಸಾಲ ಕೊಟ್ಟ ಶ್ರೀಮಂತರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡ. ಆದರೆ ತಾನೂ ತನ್ನ ಸಹೋದರರೂ ಸಾಲ ಕೊಟ್ಟಿರುವುದನ್ನು ಅವನು ಮುಚ್ಚಿಡಲಿಲ್ಲ. ಬಿಟ್ಟುಬಿಡೋಣ ಎಂದಾಗ ತನ್ನನ್ನೂ ಸೇರಿಸಿಕೊಂಡ. ಹನ್ನೆರಡು ವರ್ಷ ರಾಜ್ಯಪಾಲನಿಗೆ ಸಲ್ಲಬೇಕಾದ ಆಹಾರದ ಪಾಲನ್ನೂ ಜನರಿಂದ ವಸೂಲು ಮಾಡಲಿಲ್ಲ. ಚುನಾವಣೆಯ ಹೊಸ್ತಿಲಲ್ಲಿ ಬೊಕ್ಕಸದ ಹಣದಿಂದ ಉದಾರಿಯಾಗುವುದಕ್ಕೂ ಇದಕ್ಕೂ ಎಷ್ಟು ಅಂತರ!

ಧರ್ಮೋಪದೇಶಕಾಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಏಳನೆಯ ವರ್ಷ ಬಿಡುಗಡೆಯ ವರ್ಷ. ಇದು ಯಾರೋ ಅರಸನಿಗೆ ಕನಿಕರ ಹುಟ್ಟಿ ಕೊಟ್ಟ ಕೊಡುಗೆಯಲ್ಲ. ಸಾಲ ಕೊಡುವವನಿಗೂ ತೆಗೆದುಕೊಳ್ಳುವವನಿಗೂ ಮೊದಲೇ ಗೊತ್ತಿರುವ ನಿಯಮ. ಹಾಗಾಗಿ ಯಾರಿಗೂ ಮೋಸವಾಯಿತೆನ್ನುವಂತಿಲ್ಲ. ಇದರ ಅಪಾಯವೂ ಆ ಗ್ರಂಥಕ್ಕೆ ತಿಳಿದಿತ್ತು. ಏಳನೆಯ ವರ್ಷ ಹತ್ತಿರ ಬಂತೆಂದು ಬಡವನಿಗೆ ಕೈ ಬಿಗಿಹಿಡಿಯಬೇಡ ಎಂದು ಒಂಬತ್ತನೆಯ ವಚನ ಎಚ್ಚರಿಸುತ್ತದೆ. ಜನ ಕೇಳಲಿಲ್ಲ. ಯೇಸುಸ್ವಾಮಿಯ ಕಾಲಕ್ಕೆ ಸ್ವಲ್ಪ ಮೊದಲು ಹಿಲ್ಲೇಲ್ ಎಂಬ ಯೆಹೂದ್ಯ ಗುರು, ಬಡವರಿಗೆ ಸಾಲವೇ ಹುಟ್ಟದಿರುವುದನ್ನು ಕಂಡು, ಸಾಲಪತ್ರವನ್ನು ನ್ಯಾಯಸಭೆಗೆ ಒಪ್ಪಿಸಿ ಏಳನೆಯ ವರ್ಷದ ನಂತರವೂ ವಸೂಲು ಮಾಡುವ ಏರ್ಪಾಟು ತಂದ. ಇದಕ್ಕೆ ಪ್ರೊಸ್ಬೂಲ್ ಎಂದು ಹೆಸರು. ಬಡವನ ಸಾಲ ತೀರಬೇಕು, ಬಡವನಿಗೆ ಸಾಲ ಸಿಗಲೂ ಬೇಕು. ಆ ತೊಡಕು ಅಂದಿನಷ್ಟೇ ಇಂದೂ ಇದೆ.

ಅಮೆರಿಕದಲ್ಲೂ ಮೊದಲೇ ಬರೆದಿಟ್ಟ ಬಿಡುಗಡೆ ಒಂದಿದೆ. 2007ರ ಕಾನೂನಿನಂತೆ, ಶಾಲೆ, ಸರ್ಕಾರಿ ಕಚೇರಿ, ಲಾಭದ ಉದ್ದೇಶವಿಲ್ಲದ ಸೇವಾಸಂಸ್ಥೆಗಳಲ್ಲಿ ದುಡಿಯುತ್ತಾ ಹತ್ತು ವರ್ಷ, ಅಂದರೆ 120 ಕಂತು ಕಟ್ಟಿದವರ ಉಳಿದ ಸಾಲ ಹೋಗಬೇಕು. ಹತ್ತು ವರ್ಷ ತುಂಬಿ ಅರ್ಜಿಗಳು ಬಂದಾಗ ಆದದ್ದೇನು? 2018ರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಅರ್ಜಿಗಳು ತಿರಸ್ಕೃತವಾದವು. ಸಾಲದ ಬಗೆ ಸರಿಯಿಲ್ಲ, ಕಂತಿನ ಯೋಜನೆ ಬೇರೆ, ಕಾಗದ ಸಾಲದು! ನಿಯಮಗಳನ್ನು ಸಡಿಲಿಸಿದ ಮೇಲೆ, 2025ರ ಜನವರಿಯ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಆ ಬಿಡುಗಡೆ ಸಿಕ್ಕಿತು. ಹಾಗೆಯೇ, 2015ರಲ್ಲಿ ಮುಚ್ಚಿಹೋದ ಕೊರಿಂಥಿಯನ್ ಎಂಬ ಲಾಭಕೋರ ಕಾಲೇಜು ಸಮೂಹ ಉದ್ಯೋಗದ ಸುಳ್ಳು ಆಸೆ ತೋರಿಸಿ ಸೇರಿಸಿಕೊಂಡಿದ್ದ 5,60,000 ಮಂದಿಯ ಸಾಲವನ್ನು 2022ರಲ್ಲಿ ಸರ್ಕಾರ ರದ್ದು ಮಾಡಿತು. ಈ ಎರಡನ್ನೂ ದಾನ ಎನ್ನಲಾಗದು. ಒಂದು ಕೊಟ್ಟ ಮಾತು, ಇನ್ನೊಂದು ವಂಚನೆಗೆ ಪರಿಹಾರ. ಸರ್ಕಾರ ಓದಿನ ಸಾಲ ಮನ್ನಾ ಮಾಡಬೇಕೇ ಎಂದು ಕೇಳಿದರೆ, ಇಂಥ ಕಡೆ ಖಂಡಿತ ಮಾಡಬೇಕು, ಎಲ್ಲರಿಗೂ ಒಮ್ಮೆಗೇ ಬೇಡ ಎಂಬುದೇ ನ್ಯಾಯವಾಗಿ ಕಾಣುತ್ತದೆ.

1994ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಮಹಾ ಜ್ಯೂಬಿಲಿಗಾಗಿ, ಜಗದ್ಗುರು ಫ್ರಾನ್ಸಿಸರು 2025ರ ಜ್ಯೂಬಿಲಿಗಾಗಿ, ಸಾಲ ಬಿಡುವಂತೆ ಕೇಳಿದ್ದುಂಟು. ಅವರು ಹೇಳಿದ್ದು ಬಡ ರಾಷ್ಟ್ರಗಳ ಸಾಲದ ಬಗ್ಗೆ. ಅದನ್ನು ಎಳೆದು ತಂದು ಇಲ್ಲಿಗೆ ಅಂಟಿಸುವುದು ಬೇಡ.

ಇನ್ನು ನಮ್ಮ ಮನೆಯ ಮಾತು. ನಮ್ಮಲ್ಲಿ ಸಾಲ ಕೊಡುವುದು ಹೆಚ್ಚಾಗಿ ಬ್ಯಾಂಕು. ಸರ್ಕಾರ ಮನ್ನಾ ಎಂದು ಘೋಷಿಸಿ ಬ್ಯಾಂಕಿಗೆ ಹಣ ತುಂಬದೆ ಹೋದರೆ, ಮುಂದಿನ ವರ್ಷ ಬರುವ ಬಡ ಹುಡುಗಿಗೆ ಮ್ಯಾನೇಜರು ಹಿಲ್ಲೇಲನ ಕಾಲದ ಸಾಹುಕಾರನಂತೆಯೇ ಕೈಯಾಡಿಸುತ್ತಾರೆ. ಅದಕ್ಕಿಂತ ಸಾಲವನ್ನೇ ಹಗುರ ಮಾಡುವ ಕ್ರಮಗಳು ಮೇಲು. ನಾಲ್ಕು ಲಕ್ಷದವರೆಗೆ ಆಸ್ತಿಯ ಅಡವು ಕೇಳುವಂತಿಲ್ಲ. ಬಡ ಕುಟುಂಬದ ಮಕ್ಕಳಿಗೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2009ರಲ್ಲಿ ಬಂತು. ಏಳೂವರೆ ಲಕ್ಷದವರೆಗಿನ ಸಾಲ ಮುಳುಗಿದರೆ ಬ್ಯಾಂಕಿಗೆ ಮುಕ್ಕಾಲು ಪಾಲು ತುಂಬಿಕೊಡುವ ಖಾತರಿ ನಿಧಿ 2015ರಿಂದ ಇದೆ.

ಆದರೆ ಒಂದು ಕೊರತೆ ಎದೆಗೆ ನಾಟುವಂಥದ್ದು. ಅಮೆರಿಕದಲ್ಲಿ ಸರ್ಕಾರಿ ಸಾಲ ಪಡೆದ ವಿದ್ಯಾರ್ಥಿ ತೀರಿಕೊಂಡರೆ ಸಾಲವೂ ಅಲ್ಲಿಗೆ ಮುಗಿಯಿತು. ಮತ್ತೆಂದೂ ದುಡಿಯಲಾಗದಂತೆ ಅಂಗವಿಕಲನಾದರೂ ಹಾಗೆಯೇ. ನಮ್ಮಲ್ಲಿ ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಿರುತ್ತಾರೆ. ಮಗ ಹೋದರೂ ಸಾಲ ಹೋಗದು. ಮಣ್ಣು ಮಾಡಿ ಬಂದ ಮನೆಗೆ ನೋಟೀಸು ಬರುತ್ತದೆ. ನಮ್ಮ ಸರ್ಕಾರವನ್ನು ಯಾವುದಾದರೂ ಮನ್ನಾ ಕೇಳುವುದಿದ್ದರೆ ಮೊದಲು ಇದನ್ನು ಕೇಳಬೇಕು. ಕಾನೂನಿನಲ್ಲೇ ಬರೆದಿಡುವಂತೆ ಕೇಳಬೇಕು.

ಅಲ್ಲಿಯವರೆಗೆ, ಈ ಜೂನಿನಲ್ಲೋ ಮುಂದಿನ ಜೂನಿನಲ್ಲೋ ಬ್ಯಾಂಕಿಗೆ ಹೋಗುವ ಪೋಷಕರು ಸಹಿ ಹಾಕುವ ಮೊದಲು ಎರಡು ವಿಷಯ ಕೇಳಿ ತಿಳಿದುಕೊಳ್ಳಿ. ಓದುವಾಗಿನ ಬಡ್ಡಿ ಯಾವಾಗ ಅಸಲಿಗೆ ಸೇರುತ್ತದೆ? ಸಾಲದ ಮೊತ್ತಕ್ಕೆ ಮಗುವಿನ ಹೆಸರಿನಲ್ಲಿ ಜೀವವಿಮೆ ಇದೆಯೇ, ಅದರ ಕಂತು ಎಷ್ಟು? ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದಲ್ಲಿ ಬರೆಸಿಕೊಳ್ಳಿ.