ಹದಿನಾಲ್ಕು ಸಾವಿರದ ಸೈಕಲ್ಲು, ನಾನೂರು ರೂಪಾಯಿ ಬೆಲ್ಟು

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಈಚೆಗೆ ಯಾರ ಮನೆಗೆ ಹೋದರೂ ಹಜಾರದ ಮೂಲೆಯಲ್ಲಿ ಎಕ್ಸರ್‌ಸೈಜ್ ಸೈಕಲ್ ಒಂದು ನಿಂತಿರುತ್ತದೆ. ಅದರ ಹ್ಯಾಂಡಲ್ ಮೇಲೆ ಟವೆಲ್ಲು, ಸೀಟಿನ ಮೇಲೆ ಇಸ್ತ್ರಿಗೆ ಕಾದಿರುವ ಬಟ್ಟೆ. ಸೋಮಾರಿತನದಿಂದ ಮೂಲೆ ಸೇರಿದವು ಒಂದಷ್ಟು. ಅವುಗಳಿಗೆ ಈ ಅಂಕಣದಲ್ಲಿ ಮದ್ದಿಲ್ಲ. ಆದರೆ ಒಳಗೆ ಏನೋ ಒಂದು ಹೋಗಿ, ಬಿಚ್ಚಿ ನೋಡುವವರಿಲ್ಲದೆ ನಿಂತವೂ ಕಡಿಮೆಯೇನಿಲ್ಲ. ಹಾಗೆ ನಿಂತ ಪ್ರತಿಯೊಂದೂ ಹತ್ತು ಹದಿನೈದು ಸಾವಿರ ರೂಪಾಯಿಯ ಸತ್ತ ಬಂಡವಾಳ.

ನಮ್ಮ ಮನೆಯದಕ್ಕೆ ಕೊಟ್ಟಿದ್ದು 14,000 ರೂಪಾಯಿ. ಡಾಕ್ಟರು ಸಕ್ಕರೆ ಅಂಶ ನೋಡಿ ಹುಬ್ಬೇರಿಸಿದ ವಾರವೇ ಬಂದದ್ದು. ನನಗಿಂತ ನನ್ನ ಹೆಂಡತಿಯೇ ಅದನ್ನು ಹೆಚ್ಚು ತುಳಿಯುವವಳು, ಸಂಜೆ ಧಾರಾವಾಹಿ ಮುಗಿಯುವ ತನಕ. ವಾರಂಟಿ ಮುಗಿದು ಕೆಲವು ತಿಂಗಳಾಗಿತ್ತು. ಒಂದು ಸಂಜೆ ಒಳಗಿನಿಂದ ಪಟ್ ಎಂದು ಸದ್ದು ಬಂತು. "ಏನ್ರೀ ಇದು, ಪೆಡಲ್ಲು ಗಾಳೀಲಿ ತುಳಿದ ಹಾಗಾಗ್ತಿದೆ" ಎಂದಳು.

ಕಂಪನಿಗೆ ಫೋನ್ ಮಾಡಿದಾಗ ಬಂದ ಉತ್ತರ ಹೀಗಿತ್ತು: ಹುಡುಗ ಬಂದು ನೋಡುವುದಕ್ಕೇ ಒಂದು ಶುಲ್ಕ, ದೂರಕ್ಕೆ ಇನ್ನೊಂದು, ಬೆಲ್ಟ್ ಬಿಡಿಯಾಗಿ ಬರುವುದಿಲ್ಲ, ಚಕ್ರ ಪುಲ್ಲಿ ಸಮೇತ ಇಡೀ ಸೆಟ್ಟನ್ನೇ ಹಾಕಬೇಕು. ಒಟ್ಟು 5,600 ರೂಪಾಯಿ ಆಗಬಹುದು. "ಅದರ ಬದಲು ಹೊಸ ಮಾಡೆಲ್ ತಗೊಳ್ಳಿ ಸಾರ್, ಹಳೆಯದಕ್ಕೆ ಎಕ್ಸ್‌ಚೇಂಜ್ ಕೊಡ್ತೀವಿ, ನೋ ಕಾಸ್ಟ್ ಇಎಂಐ ಇದೆ" ಎಂದೂ ಸೇರಿಸಿದರು. ಆ ವಾರ ಬೀದಿಗೆ ಬಂದಿದ್ದ ಗುಜರಿಯವನು ಕೈಯಿಂದ ಎತ್ತಿ ನೋಡಿ, ಕಬ್ಬಿಣದ ತೂಕಕ್ಕೆ 600 ಕೊಡುತ್ತೇನೆ ಎಂದ.

ನೋ ಕಾಸ್ಟ್ ಇಎಂಐ ಬಗ್ಗೆ ಒಂದೇ ಮಾತು. ಬಡ್ಡಿಯಷ್ಟು ಮೊತ್ತವನ್ನು ಮೊದಲು ರಿಯಾಯಿತಿ ಎಂದು ಕಳೆಯುತ್ತಾರೆ, ಬ್ಯಾಂಕು ಅದನ್ನೇ ಬಡ್ಡಿಯೆಂದು ಮತ್ತೆ ಸೇರಿಸುತ್ತದೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ನಿಮ್ಮ ತಲೆಗೆ, ಪ್ರೊಸೆಸಿಂಗ್ ಫೀ ಬೇರೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ಜಾಹೀರಾತಿನ ಹೆಸರು ಬದಲಾಯಿತು, ಅಷ್ಟೇ.

ಇಂಥ ಹೊತ್ತಿನಲ್ಲಿ ಮನಸ್ಸು ಹಿಡಿದುಕೊಳ್ಳುವುದು "ಹದಿನಾಲ್ಕು ಸಾವಿರ ಕೊಟ್ಟಿದ್ದೀವಲ್ಲ" ಎಂಬುದನ್ನು. ಆ ದುಡ್ಡು ಹೋಯಿತು. ಸರಿಮಾಡಿಸಿದರೂ ಬಾರದು, ಗುಜರಿಗೆ ಹಾಕಿದರೂ ಬಾರದು. ಅದನ್ನು ಲೆಕ್ಕದಿಂದ ತೆಗೆದಿಡಿ. ಕೇಳಿಕೊಳ್ಳಬೇಕಾದ್ದು, ಇವತ್ತಿನಿಂದ ಮುಂದಕ್ಕೆ ಅತಿ ಕಡಿಮೆ ಖರ್ಚಿನಲ್ಲಿ ಹೆಂಡತಿ ಮತ್ತೆ ತುಳಿಯುವ ಹಾಗಾಗುವುದು ಯಾವ ದಾರಿಯಲ್ಲಿ ಎಂದು. ಹೊಸದಕ್ಕೆ 14,000, ಕಂಪನಿ ರಿಪೇರಿಗೆ 5,600, ಕವರ್ ಬಿಚ್ಚಿ ನೋಡುವುದಕ್ಕೆ ಸೊನ್ನೆ. ಮೊದಲು ಮಾಡಬೇಕಾದ್ದು ಯಾವುದೆಂದು ಇದರಲ್ಲೇ ಗೊತ್ತಾಗುತ್ತದೆ. ಒಂದು ಎಚ್ಚರಿಕೆ ಮಾತ್ರ: ವಾರಂಟಿ ಇನ್ನೂ ಇದ್ದರೆ ಸ್ಕ್ರೂಡ್ರೈವರ್ ಮುಟ್ಟಬೇಡಿ.

ಬಿಚ್ಚುವ ಮುಂಚೆಯೇ ರೋಗ ಮುಕ್ಕಾಲು ಗೊತ್ತಾಗುತ್ತದೆ. ಪೆಡಲ್ ತುಳಿದರೆ ಪ್ರತಿರೋಧವೇ ಇಲ್ಲ, ಒಳಗಿನ ಭಾರದ ಚಕ್ರ ತಿರುಗುವ ಸದ್ದೂ ಇಲ್ಲ ಎಂದರೆ ಬೆಲ್ಟ್ ಕಡಿದಿದೆ ಅಥವಾ ಕಳಚಿದೆ. ಜೋರಾಗಿ ತುಳಿದಾಗ ಮಾತ್ರ ಕಿರ್ರೆಂದು ಜಾರಿದರೆ ಬೆಲ್ಟ್ ಸಡಿಲ. ಬೆಲ್ಟ್ ಓಡುತ್ತಿದ್ದು ಭಾರದ ಚಕ್ರ ಮಾತ್ರ ನಿಂತೇ ಇದ್ದರೆ ತೊಂದರೆ ಬೆಲ್ಟಿನದಲ್ಲ, ಚಕ್ರದ ನಡುವೆ ಒಂದೇ ದಿಕ್ಕಿಗೆ ಹಿಡಿಯುವ ಬೇರಿಂಗಿನದು. ತುಳಿತ ಸರಿಯಿದ್ದು ಗುಂಡಿ ತಿರುಗಿಸಿದರೂ ಭಾರ ಏರದಿದ್ದರೆ ಅಯಸ್ಕಾಂತವನ್ನು ಚಕ್ರದ ಹತ್ತಿರಕ್ಕೆ ಎಳೆಯುವ ಕೇಬಲ್ ಹೋಗಿದೆ. ಸೈಕಲ್ಲಿನ ಕೆಳಗೆ ಟಾರ್ಚ್ ಬಿಟ್ಟಾಗ ನಮ್ಮದರ ಅಡಿಯಲ್ಲಿ ಕಾಡಿಗೆಯಂಥ ಕಪ್ಪು ಪುಡಿ ಬಿದ್ದಿತ್ತು. ಅದು ರಬ್ಬರ್ ತೇದ ಪುಡಿ. ಬೆಲ್ಟ್ ಒಂದೇ ದಿನದಲ್ಲಿ ಕಡಿದದ್ದಲ್ಲ, ಬಹಳ ಕಾಲದಿಂದ ಎಲ್ಲೋ ಉಜ್ಜುತ್ತಿತ್ತು.

ಬಿಚ್ಚುವಾಗ ಎಡವುವುದು ಎರಡು ಕಡೆ. ಎಡಗಡೆಯ ಪೆಡಲ್ಲಿನ ಮರೆ ಉಲ್ಟಾ; ಅದನ್ನು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಿ ಬಿಚ್ಚಬೇಕು. ಗೊತ್ತಿಲ್ಲದೆ ಬಲ ಹಾಕಿದರೆ ಇನ್ನಷ್ಟು ಬಿಗಿಯುತ್ತದೆ. ಎರಡನೆಯದು, ಪೆಡಲ್ ಕೂತಿರುವ ಕ್ರ್ಯಾಂಕ್. ನಟ್ ತೆಗೆದ ಮೇಲೂ ಅದು ಕೈಗೆ ಬರುವುದಿಲ್ಲ. ಸುತ್ತಿಗೆಯಲ್ಲಿ ಹೊಡೆದವರು ಒಳಗಿನ ಬೇರಿಂಗನ್ನೂ ಹಾಳುಮಾಡಿಕೊಂಡಿದ್ದಾರೆ. ಅದಕ್ಕೆಂದೇ ಪುಲ್ಲರ್ ಇದೆ, ಸೈಕಲ್ ಶಾಪಿನವರ ಬಳಿ ಇರುತ್ತದೆ. ನಾನು 280 ರೂಪಾಯಿ ಕೊಟ್ಟು ಕೊಂಡೆ. ಕವರಿನ ಸ್ಕ್ರೂಗಳು ಉದ್ದ ಗಿಡ್ಡ ಬೇರೆಬೇರೆ. ಹಳೇ ಕ್ಯಾಲೆಂಡರಿನ ಹಾಳೆಯ ಮೇಲೆ ಕವರಿನ ಚಿತ್ರ ಗೀಚಿ, ಯಾವ ಸ್ಕ್ರೂ ಎಲ್ಲಿಯದೋ ಅಲ್ಲಲ್ಲೇ ಚುಚ್ಚಿಟ್ಟೆ. ಮೀಟರಿಗೆ ಹೋಗುವ ಸಣ್ಣ ವೈರನ್ನು ಕೀಳುವ ಮುಂಚೆ ಫೋನಿನಲ್ಲಿ ಒಂದು ಫೋಟೊ.

ಒಳಗೆ ಬೆಲ್ಟ್ ಹಾವಿನ ಪೊರೆಯಂತೆ ಬಿದ್ದಿತ್ತು. ಒರೆಸಿದಾಗ ಬೆನ್ನಿನ ಮೇಲೆ ಬಿಳಿ ಅಕ್ಷರ ಅರ್ಧಂಬರ್ಧ ಕಂಡವು: 400 ಜೆ 6. ಈ ಕಥೆಯಲ್ಲಿ ದುಡ್ಡು ಉಳಿಸಿದ್ದು ಇಷ್ಟೇ ಅಕ್ಷರ. 400 ಎಂದರೆ 40 ಇಂಚು ಉದ್ದ, ಅಂದರೆ 1,016 ಮಿಲಿಮೀಟರ್. ಜೆ ಎಂಬುದು ಗೆರೆಯ ಅಳತೆ, ಒಂದು ಗೆರೆಯಿಂದ ಇನ್ನೊಂದಕ್ಕೆ 2.34 ಮಿಲಿಮೀಟರ್. 6 ಎಂದರೆ ಆರು ಗೆರೆ. ಇದೇ ಬೆಲ್ಟನ್ನು ಇನ್ನೊಂದು ಕಂಪನಿ 6 ಪಿಜೆ 1016 ಎಂದು ಬರೆಯುತ್ತದೆ, ವಸ್ತು ಒಂದೇ. ಅಕ್ಷರ ಪೂರ್ತಿ ಅಳಿಸಿಹೋಗಿದ್ದರೆ ಕಡಿದ ಬೆಲ್ಟನ್ನು ನೆಲದ ಮೇಲೆ ಚಾಚಿ ಟೇಪಿನಲ್ಲಿ ಅಳೆದು, ಗೆರೆ ಎಣಿಸಿಕೊಂಡರೂ ಅಂಗಡಿಯವನಿಗೆ ಸಾಕು. ಅಂದರೆ ಇದು ಆ ಕಂಪನಿಯ ಗುಟ್ಟಿನ ಬಿಡಿಭಾಗವೇ ಅಲ್ಲ, ಲೋಕಕ್ಕೆಲ್ಲ ಒಂದೇ ಅಳತೆಯಲ್ಲಿ ಸಿಗುವ ಮಾಲು. ಬಿಡಿಯಾಗಿ ಬರುವುದಿಲ್ಲ ಎಂದರೆ ಅವರು ಬಿಡಿಯಾಗಿ ಮಾರುವುದಿಲ್ಲ ಎಂದಷ್ಟೇ ಅರ್ಥ.

ಬೆಲ್ಟ್ ಗೊತ್ತಿಲ್ಲದ ಸೀಮೆಯೇನಲ್ಲ ನಮ್ಮದು. ಕಡೂರಿನ ರಾಗಿ ಮಿಲ್ಲಿನಿಂದ ತರೀಕೆರೆಯ ಅಡಿಕೆ ಸುಲಿಯುವ ಯಂತ್ರದವರೆಗೆ ಎಲ್ಲವೂ ಬೆಲ್ಟಿನ ಮೇಲೇ ಓಡುವುದು. ತರೀಕೆರೆಯ ಬೆಲ್ಟ್ ಅಂಗಡಿಗೆ ಹೋದರೆ ಗೋಡೆ ತುಂಬ ಮೊಳೆ, ಮೊಳೆ ತುಂಬ ಕಪ್ಪು ಬಳೆಗಳು. ಅವೆಲ್ಲ ದಪ್ಪನೆಯ ವಿ ಬೆಲ್ಟುಗಳು: ಎ ನಂಬರಿನದು 13 ಮಿಲಿಮೀಟರ್ ಅಗಲ, ಬಿ ನಂಬರಿನದು 17. ಅಂಗಡಿಯವರು ನನ್ನ ಬೆಲ್ಟನ್ನು ಬೆರಳಲ್ಲಿ ಮಡಿಸಿ ನೋಡಿ, "ಇದು ಮಿಲ್ಲಿಗೆ ಬರಲ್ಲ ಸಾರ್, ವಾಷಿಂಗ್ ಮಷೀನ್ ಜಾತಿದು. ನಾಳೆ ಶಿವಮೊಗ್ಗದಿಂದ ತರಿಸ್ಕೊಡ್ತೀನಿ" ಎಂದರು. ಆಮೇಲೆ ಅವರಾಗಿಯೇ ಕೇಳಿದರು: "ಕಡಿದಿದ್ದು ಯಾಕೆ ಅಂತ ನೋಡಿದ್ರಾ? ಬೇರಿಂಗ್ ತಿರುಗಿಸಿ ನೋಡಿ. ಇಲ್ಲಾಂದ್ರೆ ಮುಂದಿನ ತಿಂಗಳು ಮತ್ತೆ ಬರ್ತೀರ."

ಆ ಮಾತಿಗೆ ಬೆಲ್ಟಿಗಿಂತ ಹೆಚ್ಚು ಬೆಲೆ. ಬೆಲ್ಟನ್ನು ಸ್ಪ್ರಿಂಗಿನ ಬಲದಲ್ಲಿ ಒತ್ತಿ ಹಿಡಿಯುವ ಒಂದು ಸಣ್ಣ ಚಕ್ರ ಇರುತ್ತದೆ, ಅಂಗಡಿಯವರ ಬಾಯಲ್ಲಿ ಟೆನ್ಷನರ್. ಬೆರಳಲ್ಲಿ ತಿರುಗಿಸಿದರೆ ಅದು ಸರಾಗವಾಗಿ ಸುತ್ತಬೇಕು. ನಮ್ಮದು ಮರಳು ಅರೆದ ಹಾಗೆ ಕರಕರ ಎಂದು ಅರ್ಧ ಸುತ್ತಿಗೇ ನಿಂತಿತು. ನಿಂತ ಚಕ್ರದ ಮೇಲೆ ಓಡುವ ಬೆಲ್ಟ್ ತೇಯಿತು, ಬಿಸಿಯಾಯಿತು, ಕಡಿಯಿತು. ಅದರ ಬೇರಿಂಗ್ ಮೇಲೂ ನಂಬರ್ ಇತ್ತು, 6000. ಒಳಗಿನ ತೂತು 10 ಮಿಲಿಮೀಟರ್, ಹೊರ ಸುತ್ತು 26, ದಪ್ಪ 8. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ 90 ರೂಪಾಯಿ. ಬರೀ ಬೆಲ್ಟ್ ಬದಲಿಸಿ ಎರಡು ಸಲ ಬೆಲ್ಟಿಗೆ ದುಡ್ಡು ಸುರಿಯುವುದು ಎಲ್ಲ ಯಂತ್ರದ ರಿಪೇರಿಯಲ್ಲೂ ನಡೆಯುವ ನಷ್ಟ. ಹೋದ ಭಾಗಕ್ಕೆ ಖರ್ಚು ಮಾಡುವ ಮುಂಚೆ, ಹೋಗಲು ಕಾರಣವಾದದ್ದಕ್ಕೆ ಖರ್ಚು ಮಾಡಿ.

ಹೊಸ ಬೆಲ್ಟ್ 420 ರೂಪಾಯಿ. ಮೊದಲು ಸಣ್ಣ ಪುಲ್ಲಿಗೆ ಸುತ್ತಿ, ದೊಡ್ಡ ಪುಲ್ಲಿಯ ಅಂಚಿಗೆ ಸಿಕ್ಕಿಸಿ, ಕ್ರ್ಯಾಂಕನ್ನು ನಿಧಾನ ತಿರುಗಿಸಿದರೆ ತಾನಾಗಿ ಏರಿ ಕೂರುತ್ತದೆ. ಒಂದು ಗೆರೆ ಪಕ್ಕಕ್ಕೆ ಕೂತರೂ ಅಂಚು ತಿಂದುಹೋಗುತ್ತದೆ, ಅದನ್ನೊಂದು ನೋಡಿಕೊಳ್ಳಬೇಕು. ಬೆಲ್ಟು, ಬೇರಿಂಗು, ಪುಲ್ಲರ್ ಸೇರಿ 790 ರೂಪಾಯಿ, ಬಸ್ ಚಾರ್ಜು ಬೇರೆ. ನನ್ನ ಭಾನುವಾರಕ್ಕೂ ಬೆಲೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕೈಲಾಗದವರು ಊರಿನ ಸೈಕಲ್ ಶಾಪಿನ ಹುಡುಗನಿಗೆ ಇನ್ನೂ 300 ಕೊಟ್ಟು ಮಾಡಿಸಿದರೂ ಕಂಪನಿ ಹೇಳಿದ ಮೊತ್ತದ ಕಾಲು ಭಾಗ ದಾಟುವುದಿಲ್ಲ. ಅದೂ ನಮ್ಮೂರಲ್ಲೇ ಉಳಿಯುವ ದುಡ್ಡು.

ಈ ಸುದ್ದಿ ಅಜ್ಜಂಪುರದ ನಾದಿನಿಗೆ ಮುಟ್ಟಿ, ಅವರ ಮನೆಯ ಸೈಕಲ್ಲಿಗೂ ನನಗೆ ಕರೆ ಬಂತು. ಅಲ್ಲಿ ಬೆಲ್ಟ್ ಗಟ್ಟಿಯಾಗೇ ಇತ್ತು, ಆದರೆ ತುಳಿದರೆ ಜಾರುತ್ತಿತ್ತು. ಕವರ್ ತೆಗೆದರೆ ಘಮಘಮ ವಾಸನೆ. "ಭಾವ, ಕಿರ್ ಅಂತಿತ್ತು ಅಂತ ಇವ್ರು ಕೊಬ್ಬರಿ ಎಣ್ಣೆ ಬಿಟ್ಟಿದ್ರು. ಎರಡು ದಿನ ಸುಮ್ಮನಿತ್ತು" ಎಂದಳು. ಷಡ್ಡಕರು ಪೇಪರಿನಿಂದ ಮುಖ ಎತ್ತಲಿಲ್ಲ. ಬೆಲ್ಟ್ ಎಳೆಯುವುದೇ ಉಜ್ಜುವಿಕೆಯಿಂದ. ಎಣ್ಣೆ ಬಿದ್ದರೆ ಹಿಡಿತವೇ ಹೋಯಿತು, ರಬ್ಬರೂ ಕೆಡುತ್ತದೆ. ಬೆಲ್ಟು ಪುಲ್ಲಿ ಎರಡನ್ನೂ ಸೋಪು ನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ಕಳಚಿದ್ದ ಟೆನ್ಷನರ್ ಸ್ಪ್ರಿಂಗನ್ನು ಕೊಕ್ಕೆಗೆ ಸಿಕ್ಕಿಸಿದ್ದಷ್ಟೇ ಕೆಲಸ. ಖರ್ಚು ಒಂದು ಲೋಟ ಕಾಫಿ, ಅದೂ ಅವರದೇ.

ಹಾಗಂತ ಎಲ್ಲವನ್ನೂ ರಿಪೇರಿ ಮಾಡಿಸಿ ಎನ್ನುವ ಪೈಕಿ ಅಲ್ಲ ನಾನು. ಚೌಕಟ್ಟಿನ ಬೆಸುಗೆ ಬಿರುಕು ಬಿಟ್ಟಿದ್ದರೆ ಅದರ ಮೇಲೆ ಕೂರುವುದೇ ಬೇಡ, 600ಕ್ಕೆ ಕೊಟ್ಟುಬಿಡಿ. ಮೀಟರ್ ಪರದೆ ಹೋಗಿದ್ದರೆ ಸಾವಿರಾರು ರೂಪಾಯಿ ಸುರಿಯಬೇಡಿ. ಗೋಡೆ ಗಡಿಯಾರ ನೋಡಿಕೊಂಡು ತುಳಿದರೂ ಸಕ್ಕರೆ ಇಳಿಯುತ್ತದೆ. ನನ್ನ ಲೆಕ್ಕದಲ್ಲಿ ರಿಪೇರಿಯ ಖರ್ಚು ಹೊಸದರ ಬೆಲೆಯ ಮೂರರಲ್ಲೊಂದು ಭಾಗ ದಾಟಿದರೆ ಎರಡನೇ ಅಭಿಪ್ರಾಯ ಕೇಳಲೇಬೇಕು. ಯಂತ್ರ ಕೊಂಡ ವರ್ಷದಿಂದಲೇ ಅದರ ಬೆಲೆಯ ಶೇ 5ರಷ್ಟನ್ನು ವರ್ಷಕ್ಕೊಮ್ಮೆ ಆರ್‌ಡಿಗೋ ಡಬ್ಬಿಗೋ ಹಾಕುತ್ತ ಬಂದರೆ ರಿಪೇರಿ ಬಂದ ದಿನ ಸಂಬಳಕ್ಕೆ ಕೈ ಹಾಕುವ ಪ್ರಮೇಯ ಇರುವುದಿಲ್ಲ. 14,000ಕ್ಕೆ ವರ್ಷಕ್ಕೆ 700.

ಬಿಡಿಭಾಗ ಕೊಡದ ಕಂಪನಿಗಳ ವಿಷಯ ನಮ್ಮೊಬ್ಬರ ಗೋಳಲ್ಲ. ಫ್ರಾನ್ಸಿನಲ್ಲಿ 2021ರಿಂದ ಕೆಲವು ಬಗೆಯ ಸಾಮಾನುಗಳ ಮೇಲೆ ಅವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂಬ ಅಂಕವನ್ನೇ ಅಂಟಿಸಬೇಕು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗೆಂದು ಸಮಿತಿ ಮಾಡಿ, ಆ ವರ್ಷದ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ವಸ್ತುವಿಗೆ ದೂರು ಶುಲ್ಕವಿಲ್ಲ. ಆದರೆ ವಾರಂಟಿ ಚೀಟಿಯ ಸಣ್ಣ ಅಕ್ಷರ ಮೊದಲು ಓದಿ. ಸವೆಯುವ ಭಾಗಗಳಿಗೆ ಅನ್ವಯಿಸುವುದಿಲ್ಲ ಎಂದಿದ್ದರೆ ಅದರಲ್ಲಿ ಬೆಲ್ಟೂ ಸೇರಿರುತ್ತದೆ.

ಮುಂದಿನ ಸಲ ಮನೆಗೆ ಬೆಲ್ಟಿನ ಯಂತ್ರ ಯಾವುದೇ ಕೊಳ್ಳಿ, ಸೈಕಲ್ಲೋ ವಾಷಿಂಗ್ ಮಷೀನೋ, ದುಡ್ಡು ಕೊಡುವ ಮುಂಚೆ ಅಂಗಡಿಯವರನ್ನು ಬೆಲ್ಟಿನ ನಂಬರ್ ಕೇಳಿ, ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಹೇಳಲು ಒಪ್ಪದಿದ್ದರೆ ಪಕ್ಕದ ಅಂಗಡಿಯಲ್ಲಿ ವಿಚಾರಿಸಿ.