ಪಂಚಾಯತಿ ಪ್ರಕಟಣೆಗಳ ಧ್ವನಿಮುದ್ರಣ: ಕಚೇರಿಯ ಗದ್ದಲವನ್ನು ತಗ್ಗಿಸುವ ಬಗೆ

ಗ್ರಾಮಸಭೆಯ ದಿನಾಂಕ, ತೆರಿಗೆ ವಸೂಲಾತಿ ಶಿಬಿರ, ನೀರು ಸರಬರಾಜಿನ ವ್ಯತ್ಯಯ, ಲಸಿಕೆಯ ದಿನ, ಹಸಿ ಕಸ ಮತ್ತು ಒಣ ಕಸದ ವಿಂಗಡಣೆ ಮುಂತಾದ ವಿಷಯಗಳನ್ನು ಈಗ ಅನೇಕ ಗ್ರಾಮ ಪಂಚಾಯತಿಗಳು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಸ್ವಚ್ಛ ವಾಹಿನಿಯ ಧ್ವನಿವರ್ಧಕದ ಮೂಲಕವೂ ವಾಟ್ಸ್‌ಆ್ಯಪ್ ಗುಂಪುಗಳ ಮೂಲಕವೂ ಊರಿಗೆ ತಲುಪಿಸುತ್ತಿವೆ. ಮುದ್ರಣ ನಡೆಯುವುದು ಸಾಮಾನ್ಯವಾಗಿ ಕಚೇರಿಯಲ್ಲಿಯೇ. ಮೇಲೆ ಫ್ಯಾನು, ಪಕ್ಕದಲ್ಲಿ ಪ್ರಿಂಟರು, ಎದುರಿಗೆ ಇ-ಸ್ವತ್ತು ನಕಲಿಗಾಗಿ ಕಾದು ನಿಂತ ನಾಲ್ಕು ಮಂದಿ. ಹೀಗೆ ಮುದ್ರಿಸಿದ ಪ್ರಕಟಣೆಯು ಮೇಜಿನ ಬಳಿ ಕೇಳಿದಾಗ ಸ್ಪಷ್ಟವಾಗಿಯೇ ಇದ್ದಂತೆ ತೋರುತ್ತದೆ. ಅದೇ ಪ್ರಕಟಣೆ ಬೀದಿಗೆ ಇಳಿದಾಗ ಮಾತು ಯಾವುದು, ಮೊರೆತ ಯಾವುದು ಎಂಬುದೇ ತಿಳಿಯದಾಗುತ್ತದೆ.

ಇದನ್ನು ಅಲ್ಪ ವಿಷಯವೆಂದು ಬದಿಗಿಡಲಾಗದು. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ. 75.36, ಮಹಿಳೆಯರದು ಶೇ. 68.08. ಅಂದರೆ ಸೂಚನಾ ಫಲಕದ ಮೇಲೆ ಎಷ್ಟೇ ಚೊಕ್ಕಟವಾಗಿ ಬರೆದು ಅಂಟಿಸಿದರೂ, ಆ ಗಣತಿಯ ಲೆಕ್ಕದಲ್ಲಿ ನೂರಕ್ಕೆ ಮೂವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಅದು ಬರಿಯ ಕಾಗದ. ಅವರ ಪಾಲಿಗೆ ಗ್ರಾಮಸಭೆಯ ನೋಟಿಸು ಎಂದರೆ ಕಿವಿಗೆ ಬಿದ್ದ ಮಾತು ಮಾತ್ರ. ಹರಪನಹಳ್ಳಿ ತಾಲ್ಲೂಕಿನಲ್ಲಿ ತುಂಗಭದ್ರೆಗೆ ಸಮೀಪದಲ್ಲಿರುವ ಹಲವಾಗಲು, ಗರ್ಭಗುಡಿಗಳಂಥ ಊರುಗಳಿಗೆ ಇನ್ನೊಂದು ಕಾರಣವೂ ಇದೆ. ಮಲೆನಾಡಿನಲ್ಲಿ ಮಳೆ ಸುರಿದು ಗಾಜನೂರಿನ ತುಂಗಾ ಅಣೆಕಟ್ಟೆಯಿಂದಲೂ ಲಕ್ಕವಳ್ಳಿಯ ಭದ್ರಾ ಜಲಾಶಯದಿಂದಲೂ ನೀರು ಹೊರಬಿಟ್ಟಾಗ, ನದಿಪಾತ್ರಕ್ಕೆ ಇಳಿಯಬಾರದು, ಪಂಪ್‌ಸೆಟ್ ಮೇಲಕ್ಕೆ ಸಾಗಿಸಿ, ದನಕರುಗಳನ್ನು ಆಚೆ ಕಟ್ಟಿ ಎಂಬ ಎಚ್ಚರಿಕೆಯನ್ನು ತೀರದ ಜನರಿಗೆ ಗಂಟೆಗಳ ಲೆಕ್ಕದಲ್ಲಿ ತಲುಪಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ‘ಏನೋ ಸಾರಿದರು, ತಿಳಿಯಲಿಲ್ಲ’ ಎಂಬ ಮಾತಿಗೆ ಅವಕಾಶವಿರಬಾರದು.

ಗದ್ದಲ ಮೊದಲು ನುಂಗುವುದು ವ್ಯಂಜನಗಳನ್ನು. ‘ಆ’, ‘ಊ’ ಮುಂತಾದ ಸ್ವರಗಳಲ್ಲಿ ಧ್ವನಿಯ ಬಲ ಹೆಚ್ಚು. ಅವು ದೂರ ಸಾಗುತ್ತವೆ. ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸುವ ಬ, ಗ, ತ, ಕ ಮುಂತಾದವು ಕ್ಷಣಮಾತ್ರದ ಸಣ್ಣ ಸಿಡಿತಗಳು. ಸ, ಶಗಳು ಸೆಕೆಂಡಿಗೆ ಮೂರು ಸಾವಿರಕ್ಕೂ ಮಿಕ್ಕಿದ ಕಂಪನಗಳುಳ್ಳ ತೆಳುವಾದ ಸದ್ದುಗಳು. ಫ್ಯಾನಿನ ಭೋರ್ಗರೆತ ಇವುಗಳ ಮೇಲೆ ಹರಡಿಕೊಂಡರೆ ‘ಬುಧವಾರ’ ಮತ್ತು ‘ಗುರುವಾರ’ಗಳ ನಡುವೆ ಉಳಿಯುವ ವ್ಯತ್ಯಾಸ ಅತ್ಯಲ್ಪ. ಕೊಠಡಿಯ ಅನುರಣನವೂ ಸೇರಿದರೆ ‘ಹದಿಮೂರು’ ಮತ್ತು ‘ಹದಿನಾರು’ ಒಂದೇ ಆಗಿ ಕೇಳಿಸುವುದುಂಟು. ಸಭೆಗೆ ಜನ ಬರಲಿಲ್ಲ, ಕೋರಂ ಆಗಲಿಲ್ಲ ಎಂದು ನಡಾವಳಿಯಲ್ಲಿ ಬರೆಯುವ ಮುನ್ನ, ಜನರು ಕೇಳಿಸಿಕೊಂಡದ್ದು ಯಾವ ದಿನವನ್ನು ಎಂದು ವಿಚಾರಿಸುವುದು ಒಳಿತು.

ಇಂಥ ದೂರು ಬಂದಾಗ ತಕ್ಷಣದ ಪರಿಹಾರವೆಂದರೆ ಧ್ವನಿವರ್ಧಕದ ಸದ್ದನ್ನು ಏರಿಸುವುದು. ಅದರಿಂದ ಮಾತಿನೊಡನೆ ಮೊರೆತವೂ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ, ಸ್ಪಷ್ಟತೆ ಹೆಚ್ಚುವುದಿಲ್ಲ. ಮೇಲಾಗಿ 2000ದ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾರ್ವಜನಿಕ ತುರ್ತು ಸಂದರ್ಭಕ್ಕೆ ವಿನಾಯಿತಿ ಇದೆ. ನಿಯಮವನ್ನು ಊರಿಗೆ ತಿಳಿಹೇಳಬೇಕಾದ ಪಂಚಾಯತಿಯೇ ಅದನ್ನು ಮೀರುವುದು ಶೋಭಿಸದು. ಆದ್ದರಿಂದ ಗದ್ದಲವನ್ನು ಮೈಕಿನೊಳಗೆ ಪ್ರವೇಶಿಸುವ ಮೊದಲೇ ತಡೆಯಬೇಕು. ಒಮ್ಮೆ ಮುದ್ರಿತವಾದ ಮೇಲೆ ಹಾಲಿಗೆ ಬೆರೆತ ನೀರಿನಂತೆ ಅದನ್ನು ಬೇರ್ಪಡಿಸುವುದು ಕಷ್ಟ.

ಹಿಂದಿನ ಡಂಗುರದವರಿಗೆ ಈ ತತ್ತ್ವ ತಿಳಿದಿತ್ತು. ತಮಟೆ ಬಾರಿಸಿ ಜನರನ್ನು ಹೊರಗೆ ಕರೆದು, ತಮಟೆಯನ್ನು ನಿಲ್ಲಿಸಿ, ಆಮೇಲೆ ವಿಷಯ ಸಾರುತ್ತಿದ್ದರು. ತಮಟೆಯೂ ಮಾತೂ ಒಟ್ಟಿಗೆ ಸಾಗುತ್ತಿರಲಿಲ್ಲ. ಇಂದಿನ ಪ್ರಕಟಣೆಗಳಲ್ಲಿ ಆರಂಭದಿಂದ ಕೊನೆಯವರೆಗೂ ಮಾತಿನ ಕೆಳಗೆ ಹಾಡೊಂದನ್ನು ಓಡಿಸುವ ಅಭ್ಯಾಸ ಬೆಳೆದಿದೆ. ಕಿವಿಗೆ ಅದು ಇಂಪೆನಿಸಬಹುದು. ಅರ್ಥಗ್ರಹಣದ ದೃಷ್ಟಿಯಿಂದ ಅದು ಪಂಚಾಯತಿಯೇ ದುಡ್ಡು ಕೊಟ್ಟು ತರಿಸಿಕೊಂಡ ಗದ್ದಲ. ಸಂಗೀತ ಬೇಕೇ ಬೇಕೆಂದಾದರೆ ಮೊದಲ ಐದು ಸೆಕೆಂಡು ಇರಲಿ, ಆಮೇಲೆ ಪೂರ್ಣವಾಗಿ ನಿಲ್ಲಲಿ.

ಕೊಠಡಿಯ ಆಯ್ಕೆ

ಧ್ವನಿಮುದ್ರಣಕ್ಕೆ ಸ್ಟುಡಿಯೋ ಬೇಕು, ಅದಕ್ಕೆ ಅನುದಾನವಿಲ್ಲ ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ‘ಆಕಾಶವಾಣಿ’ಯನ್ನು ಆರಂಭಿಸಿದ್ದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ದ ದಶಕದ ಆರಂಭದಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಕೇಂದ್ರದಲ್ಲಿ ಹಳ್ಳಿಯವರೇ ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿದರು. ಆಗ ಸಮುದಾಯಕ್ಕೆ ಬಾನುಲಿ ಪರವಾನಗಿ ದೊರೆಯುತ್ತಿರಲಿಲ್ಲವಾದ್ದರಿಂದ ಅವನ್ನು ಕೇಬಲ್ ಟಿ.ವಿ. ತಂತಿಯ ಮೂಲಕ ಮನೆಗಳಿಗೆ ತಲುಪಿಸಿದರು. ಪಂಚಾಯತಿಯ ಮೂರು ನಿಮಿಷದ ಪ್ರಕಟಣೆಗೆ ಬೇಕಾದುದು ಒಂದು ತಕ್ಕ ಕೋಣೆ ಮತ್ತು ಅರ್ಧ ಗಂಟೆಯ ಮೌನ.

ಪಂಚಾಯತಿ ಸಭಾಂಗಣ ಇದಕ್ಕೆ ತೀರ ಅಯೋಗ್ಯ. ಆರ್.ಸಿ.ಸಿ. ಚಾವಣಿ, ಟೈಲ್ಸಿನ ನೆಲ, ಬಣ್ಣ ಬಳಿದ ಬರಿಗೋಡೆಗಳು ಧ್ವನಿಯನ್ನು ಹೀರದೆ ಹಿಂದಕ್ಕೆ ಎಸೆಯುತ್ತವೆ. ಮಧ್ಯದಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಸಾಕು, ಸದ್ದಿನ ಬಾಲ ಎಷ್ಟು ಉದ್ದವೆಂದು ತಿಳಿಯುತ್ತದೆ. ಇನ್ನೇನು, ಅದೇ ಚಪ್ಪಾಳೆಯನ್ನು ದಾಖಲೆ ಕೊಠಡಿಯಲ್ಲಿ ತಟ್ಟಿ ನೋಡಬೇಕು. ಬಟ್ಟೆಯಲ್ಲಿ ಕಟ್ಟಿಟ್ಟ ಕಡತಗಳು, ಏರುಪೇರಾಗಿ ಜೋಡಿಸಿದ ವಹಿಗಳು ಸದ್ದನ್ನು ಅಲ್ಲಲ್ಲೇ ಹೀರಿಕೊಳ್ಳುತ್ತವೆ. ಹಳೆಯ ತೆರಿಗೆ ವಹಿಗಳಿಗೆ ಇದೊಂದು ಅನಿರೀಕ್ಷಿತ ಸೇವಾವಧಿ ವಿಸ್ತರಣೆ! ಆದರೆ ಕಬ್ಬಿಣದ ಬೀರುಗಳಿಗೆ ಮುಖಮಾಡಿ ಓದಬಾರದು. ಅವುಗಳ ತಗಡು ಕಂಪಿಸಿ ಮಾತಿಗೆ ಡಬ್ಬದ ಧ್ವನಿ ತರುತ್ತದೆ. ಕಡತಗಳಿರುವ ತೆರೆದ ಕಪಾಟಿಗೆ ಮುಖಮಾಡಬೇಕು.

ದಾಖಲೆ ಕೊಠಡಿ ಇಲ್ಲದಿದ್ದಲ್ಲಿ ಕಂಬಳಿಯೇ ಗತಿ, ಮತ್ತು ಅದು ಒಳ್ಳೆಯ ಗತಿಯೇ. ನಮ್ಮ ಕಡೆಯ ಕುರಿ ಉಣ್ಣೆಯ ದಪ್ಪ ಕಂಬಳಿ ಎರಡನ್ನು ಓದುವವರ ಮುಂದೆ ಮತ್ತು ಬೆನ್ನ ಹಿಂದೆ ಇಳಿಬಿಟ್ಟರೆ ಅನುರಣನ ಗಣನೀಯವಾಗಿ ಇಳಿಯುತ್ತದೆ. ಕಂಬಳಿಯನ್ನು ಗೋಡೆಗೆ ಒತ್ತಿ ಕಟ್ಟದೆ ನಾಲ್ಕು ಬೆರಳಿನಷ್ಟು ದೂರದಲ್ಲಿ ತೂಗಬಿಡಬೇಕು. ಸೆಕೆಂಡಿಗೆ ಒಂದು ಸಾವಿರ ಕಂಪನಗಳ ಧ್ವನಿತರಂಗದ ಉದ್ದ ಸುಮಾರು 34 ಸೆಂಟಿಮೀಟರ್. ಗೋಡೆಯಿಂದ ಅದರ ಕಾಲುಭಾಗದಷ್ಟು, ಅಂದರೆ ಎಂಟೂವರೆ ಸೆಂಟಿಮೀಟರ್ ದೂರದಲ್ಲಿ ಗಾಳಿಯ ಚಲನೆ ಗರಿಷ್ಠವಾಗಿದ್ದು, ಉಣ್ಣೆಯ ಎಳೆಗಳು ಅಲ್ಲಿಯೇ ಹೆಚ್ಚು ಕೆಲಸ ಮಾಡುತ್ತವೆ. ಇದೇ ಲೆಕ್ಕ ಕಂಬಳಿಯ ಮಿತಿಯನ್ನೂ ಹೇಳುತ್ತದೆ. ಯು.ಪಿ.ಎಸ್. ಅಥವಾ ಟ್ಯೂಬ್‌ಲೈಟ್ ಚೋಕಿನ ಗುಂಯ್‌ಗುಡುವಿಕೆ ಸೆಕೆಂಡಿಗೆ ನೂರು ಕಂಪನಗಳದ್ದು. ಅದರ ತರಂಗ 3.4 ಮೀಟರ್ ಉದ್ದ, ಕಾಲುಭಾಗವೇ 85 ಸೆಂಟಿಮೀಟರ್. ಅದನ್ನು ಯಾವ ಕಂಬಳಿಯೂ ತಡೆಯಲಾರದು. ಅದಕ್ಕೆ ಸ್ವಿಚ್ಚೇ ಮದ್ದು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಹೊರಗಿನ ಸದ್ದು ಒಳಬರುವುದಿಲ್ಲವೆಂಬ ನಂಬಿಕೆಗೂ ಆಧಾರವಿಲ್ಲ. ಹೊರಗಿನ ಸದ್ದನ್ನು ತಡೆಯುವುದು ಗೋಡೆಯ ತೂಕ. ಒಳಬಿಡುವುದು ಬಾಗಿಲಿನ ಸಂದು. ಬಾಗಿಲಿನ ಕೆಳಗೆ ಒಂದು ಗೋಣಿಚೀಲವನ್ನು ಮಡಚಿಟ್ಟರೆ ನೂರು ಟ್ರೇಗಿಂತ ಮೇಲು.

ವೇಳೆ

ಯಾವ ಹೊತ್ತು ನಿಶ್ಶಬ್ದ ಎಂಬುದನ್ನು ಆಯಾ ಊರಿನ ಸದಸ್ಯರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಸಂತೆಯ ದಿನ, ಶಾಲೆ ಬಿಡುವ ಹೊತ್ತು, ಹಿಟ್ಟಿನ ಗಿರಣಿ ಓಡುವ ವೇಳೆ, ಸುಗ್ಗಿಯಲ್ಲಿ ಮೆಕ್ಕೆಜೋಳದ ಒಕ್ಕಣೆ ಯಂತ್ರ ಊರ ಬದಿಗೆ ಬಂದ ದಿನಗಳು ಬೇಡ. ಒಂದು ಅನುಕೂಲವನ್ನು ಮಾತ್ರ ಯಾರೂ ಬಳಸಿಕೊಳ್ಳುವುದಿಲ್ಲ: ವಿದ್ಯುತ್ ಕಡಿತದ ಅವಧಿ. ಫ್ಯಾನು, ಪ್ರಿಂಟರು, ಗಿರಣಿ, ನೀರಿನ ಮೋಟಾರು ಎಲ್ಲವೂ ಒಟ್ಟಿಗೆ ನಿಲ್ಲುವ ಆ ಹೊತ್ತಿನಲ್ಲಿ ಮೊಬೈಲು ತನ್ನ ಬ್ಯಾಟರಿಯಲ್ಲಿಯೇ ಕೆಲಸ ಮಾಡುತ್ತದೆ. ಕೀ ಕೀ ಎನ್ನುವ ಯು.ಪಿ.ಎಸ್. ಒಂದನ್ನು ಆರಿಸಿದರೆ ಆಯಿತು.

ಮುದ್ರಣಕ್ಕೆ ಮುಂಚೆ ಯಾರೂ ಮಾತನಾಡದೆ ಹತ್ತು ಸೆಕೆಂಡು ಮುದ್ರಿಸಿ, ಇಯರ್‌ಫೋನ್ ಹಾಕಿ ಕೇಳುವುದು ಕಡ್ಡಾಯವಾಗಬೇಕು. ದಿನವೂ ಅದೇ ಕೋಣೆಯಲ್ಲಿ ಕೂರುವವರ ಕಿವಿ ಅಲ್ಲಿನ ಸದ್ದಿಗೆ ಒಗ್ಗಿ ಹೋಗಿರುತ್ತದೆ. ಮೈಕಿಗೆ ಆ ಅಭ್ಯಾಸವಿಲ್ಲ. ಗಡಿಯಾರದ ಟಿಕ್ ಟಿಕ್, ಕುರ್ಚಿಯ ಕಿರುಗುಟ್ಟುವಿಕೆ, ಬಳೆಯ ಸದ್ದು, ಗೋಡೆಯ ಮೇಲಿನ ಹಲ್ಲಿಯ ಲೊಚಗುಟ್ಟುವಿಕೆ ಎಲ್ಲವೂ ಆಗ ತಿಳಿಯುತ್ತವೆ.

ಬಾಯಿ ಮತ್ತು ಮೈಕಿನ ಅಂತರ

ಇಡೀ ಪಾಠದಲ್ಲಿ ಒಂದನ್ನಷ್ಟೇ ಪಾಲಿಸಲು ಸಾಧ್ಯವಾದರೆ ಇದನ್ನು ಪಾಲಿಸಬೇಕು. ಮೇಜಿನ ಮೇಲೆ ಮೊಬೈಲಿಟ್ಟು 60 ಸೆಂಟಿಮೀಟರ್ ದೂರದಿಂದ ಓದುವವರು ಅದನ್ನು 15 ಸೆಂಟಿಮೀಟರಿಗೆ, ಅಂದರೆ ಗೇಣಿಗಿಂತ ಸ್ವಲ್ಪ ಕಡಿಮೆ ಅಂತರಕ್ಕೆ ತಂದರೆ ನೇರವಾಗಿ ತಲುಪುವ ಮಾತಿನ ತೀವ್ರತೆ ಹದಿನಾರು ಪಟ್ಟು, ಅರ್ಥಾತ್ 12 ಡೆಸಿಬೆಲ್ ಹೆಚ್ಚುತ್ತದೆ. ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಯಾವ ಖರ್ಚೂ ಇಲ್ಲದ ಲಾಭ ಇದು. ಬಾಯಿಯ ನೇರಕ್ಕೆ ಹಿಡಿಯದೆ ತುಸು ಪಕ್ಕಕ್ಕೆ ಹಿಡಿದರೆ ಪ, ಬ, ಫಗಳ ಉಸಿರು ಮೈಕಿಗೆ ಬಡಿಯುವುದಿಲ್ಲ. ಹೆಚ್ಚಿನ ಮೊಬೈಲುಗಳಲ್ಲಿ ಮೈಕು ಕೆಳತುದಿಯಲ್ಲಿರುತ್ತದೆ. ಅಂಗೈ ಅದನ್ನು ಮುಚ್ಚದಂತೆ ನೋಡಿಕೊಳ್ಳಬೇಕು. ಕರೆ ಬಂದು ಮುದ್ರಣ ಕೆಡದಂತೆ ಏರೋಪ್ಲೇನ್ ಮೋಡ್ ಹಾಕಬೇಕು. ಕೆಲವು ನೂರು ರೂಪಾಯಿಗೆ ಸಿಗುವ, ಅಂಗಿಗೋ ಸೆರಗಿಗೋ ಸಿಕ್ಕಿಸುವ ಕಾಲರ್ ಮೈಕು ಖರೀದಿಸಲು ಸಾಮಾನ್ಯ ಸಭೆ ಒಪ್ಪಿದರೆ ಅಂತರದ ಚಿಂತೆ ತಾನಾಗಿ ಕಳೆಯುತ್ತದೆ.

ಮೊಬೈಲುಗಳಲ್ಲಿ ಇನ್ನೊಂದು ತೊಡಕಿದೆ. ಮಾತು ನಿಂತೊಡನೆ ಅವು ತಾವಾಗಿಯೇ ಗ್ರಹಣಶಕ್ತಿಯನ್ನು ಏರಿಸುವುದರಿಂದ, ವಾಕ್ಯಗಳ ನಡುವೆ ಫ್ಯಾನಿನ ಸದ್ದು ಉಬ್ಬಿ ಬರುತ್ತದೆ. ಧ್ವನಿಮುದ್ರಣ ಆ್ಯಪ್‌ನಲ್ಲಿ ಈ ಸ್ವಯಂ ಹೊಂದಾಣಿಕೆಯನ್ನು ನಿಲ್ಲಿಸುವ ಅವಕಾಶವಿದ್ದರೆ ನಿಲ್ಲಿಸಬೇಕು.

ಓದುವವರ ಆಯ್ಕೆಯೂ ಮುಖ್ಯ. ಪದವಿಯಿಂದ ಹಿರಿಯರು ಎಂಬ ಕಾರಣಕ್ಕೆ ಅಧ್ಯಕ್ಷರೋ ಉಪಾಧ್ಯಕ್ಷರೋ ಓದಬೇಕೆಂದಿಲ್ಲ. ಸ್ವಚ್ಛ ವಾಹಿನಿಯ ಚಾಲಕಿ, ಅಂಗನವಾಡಿ ಕಾರ್ಯಕರ್ತೆ, ನೀರುಗಂಟಿ, ಯಾರ ಉಚ್ಚಾರ ಬಿಡಿಬಿಡಿಯಾಗಿದೆಯೋ ಅವರು ಓದಲಿ. ದಿನಾಂಕವನ್ನು ಎರಡು ಬಾರಿ, ಎರಡು ಬಗೆಯಲ್ಲಿ ಹೇಳಲಿ: ‘ಹದಿಮೂರನೆಯ ತಾರೀಕು, ಬುಧವಾರ, ಸಂತೆಯ ಮಾರನೆಯ ದಿನ’. ಒಂದು ಪದ ಗಾಳಿಗೆ ಹಾರಿದರೂ ಇನ್ನೊಂದು ಉಳಿಯುತ್ತದೆ.

ಮುದ್ರಣವಾದ ಬಳಿಕ

ಉಚಿತವಾಗಿ ದೊರೆಯುವ ‘ಆಡಾಸಿಟಿ’ ತಂತ್ರಾಂಶದಲ್ಲಿ ಮೇಲೆ ಹೇಳಿದ ಹತ್ತು ಸೆಕೆಂಡಿನ ಮೌನವನ್ನು ಮಾದರಿಯಾಗಿ ತೋರಿಸಿದರೆ, ಅದೇ ಬಗೆಯ ಸದ್ದನ್ನು ಅದು ಮುದ್ರಣದುದ್ದಕ್ಕೂ ತಗ್ಗಿಸುತ್ತದೆ. ಆರರಿಂದ ಹತ್ತು ಡೆಸಿಬೆಲ್ ಸಾಕು. ಅತಿಯಾದರೆ ಸ, ಶಗಳೂ ಗದ್ದಲದೊಡನೆ ಕೊಚ್ಚಿಹೋಗಿ, ಓದುವವರು ನೀರೊಳಗಿನಿಂದ ಮಾತನಾಡಿದಂತೆ ಕೇಳುತ್ತದೆ. ನೂರಕ್ಕಿಂತ ಕಡಿಮೆ ಕಂಪನಗಳ ಭಾಗವನ್ನು ಕತ್ತರಿಸಿಬಿಡಬಹುದು. ವಾಹನದ ಹಾರ್ನ್ ಅದನ್ನು ಹೇಗೂ ನುಡಿಸಲಾರದು. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ವಾಯ್ಸ್ ಮೆಸೇಜ್ ಆಗಿ ಮುದ್ರಿಸದೆ, ಸಿದ್ಧ ಕಡತವನ್ನು ‘ಡಾಕ್ಯುಮೆಂಟ್’ ಆಗಿ ಲಗತ್ತಿಸಿದರೆ ಗುಣಮಟ್ಟ ಕುಗ್ಗುವುದಿಲ್ಲ.

ಈ ಕೌಶಲ ಪ್ರಕಟಣೆಗಷ್ಟೇ ಸೀಮಿತವಾಗಿ ಉಳಿಯದು. ಸಭೆಯ ಧ್ವನಿಮುದ್ರಣವನ್ನು ಆಲಿಸಿ ನಡಾವಳಿಯ ಕರಡನ್ನು ಯಂತ್ರವೇ ಸಿದ್ಧಪಡಿಸುವ ‘ಸಭಾಸಾರ್’ ಎಂಬ ವ್ಯವಸ್ಥೆಯನ್ನು ಕೇಂದ್ರ ಪಂಚಾಯತಿ ರಾಜ್ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ಆರಂಭಿಸಿದೆ. ಫ್ಯಾನಿನ ಕೆಳಗೆ ಹಿಂದಿನ ಸಾಲಿನಲ್ಲಿ ಕುಳಿತ ಸದಸ್ಯೆ ತಮ್ಮ ವಾರ್ಡಿನ ಚರಂಡಿಯ ಬಗ್ಗೆ ಆಡಿದ ಮಾತು ಯಂತ್ರಕ್ಕೆ ಕೇಳಿಸದಿದ್ದರೆ ಕರಡಿನಲ್ಲಿಯೂ ಅದು ಇರುವುದಿಲ್ಲ. ಮೈಕನ್ನು ಮಾತನಾಡುವವರ ಕೈಗೆ ದಾಟಿಸುವ ಪದ್ಧತಿಯನ್ನು ಈಗಿನಿಂದಲೇ ರೂಢಿಸಿಕೊಳ್ಳುವುದು ಮತ್ತು ಕರಡನ್ನು ಓದಿ ನೋಡದೆ ಸಹಿ ಮಾಡದಿರುವುದು ಸದಸ್ಯರ ಹಿತಕ್ಕೇ.

ಕಡತವನ್ನು ವಾಹನಕ್ಕೆ ಕೊಡುವ ಮುನ್ನ ಕೊನೆಯ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯಬಾರದು. ಅದೇ ವಾಹನದ ಅದೇ ಹಾರ್ನ್‌ನಲ್ಲಿ ಒಮ್ಮೆ ನುಡಿಸಿ, ಓಣಿಯ ತುದಿಯ ಮನೆಯ ಕಟ್ಟೆಯ ಮೇಲೆ ಕುಳಿತ, ನೋಟಿಸನ್ನು ಮೊದಲೇ ನೋಡಿರದ ಒಬ್ಬ ಹಿರಿಯರನ್ನು ಕೇಳಬೇಕು: ‘ಅಜ್ಜೀ, ಸಭೆ ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿ?’ ಮೂರಕ್ಕೂ ಸರಿಯಾದ ಉತ್ತರ ಬಂದರೆ ವಾಹನ ಹೊರಡಲಿ. ಒಂದು ತಪ್ಪಿದರೂ ದಾಖಲೆ ಕೊಠಡಿಗೆ ಮರಳಿ ಇನ್ನೊಮ್ಮೆ ಮುದ್ರಿಸಬೇಕು.